ಏಳು ಗಂಟೆಯ ಜೊರ್ರು

ಒಬ್ಬರ ಮನೆಯ ಫೋನು ಇಡೀ ಸಾಲಿಗೇ ಫೋನಾಗಿದ್ದ ಕಾಲ ಅದು. ಕೊಪ್ಪಕ್ಕೆ ಅಂಟಿಕೊಂಡಿರುವ ಬಾಳಗಡಿಯಲ್ಲಿ, ಕಾಲೇಜು ರಸ್ತೆಯ ಹಿಂದೆ, ಒಂದೇ ಮಾಡಿನ ಕೆಳಗೆ ಕಟ್ಟಿದ ಬಾಡಿಗೆ ಮನೆಗಳ ಸಾಲಿತ್ತು. ಅದರಲ್ಲಿ ಕೊನೆಯದು ನಮ್ಮದು, ಫೋನಿದ್ದುದೂ ನಮ್ಮಲ್ಲೇ. ಕಾಲೇಜಿನ ಎದುರು ಅಪ್ಪನ ಜೆರಾಕ್ಸ್ ಅಂಗಡಿ. ಮನೆಯಲ್ಲಿ ಅಪ್ಪ, ಅಮ್ಮ, ಅಮ್ಮನ ತಾಯಿ ಅಂದರೆ ನನ್ನ ಅಜ್ಜಿ, ಮತ್ತೆ ಐದನೇ ಕ್ಲಾಸು ಮುಗಿಸಿ ರಜೆಯಲ್ಲಿದ್ದ ನಾನು. ಸಾಲಿನಲ್ಲಿ ಯಾರಿಗೆ ಫೋನು ಬಂದರೂ ಓಡಿಹೋಗಿ ಕರೆಯುವ ಕೆಲಸ ನನ್ನದು. ಬಂದವರ ಮಾತು ಕೇಳಿಸಿಯೇ ಇಲ್ಲ ಎನ್ನುವ ಹಾಗೆ ಚೌಕಾಬಾರದ ಮಣೆ ಎದುರು ಕೂತಿರುವುದೂ ನನ್ನದೇ ಕೆಲಸ.

ಏಪ್ರಿಲ್ ಬಂತೆಂದರೆ ಅಂಗಳದ ತುಂಬ ಹಲಸಿನ ಹಪ್ಪಳ, ಅಡುಗೆಮನೆ ತುಂಬ ಉಪ್ಪಿನಲ್ಲಿ ಬಿದ್ದ ಮಾವಿನಮಿಡಿಯ ವಾಸನೆ. ಹಪ್ಪಳದ ಹಸಿ ಹಿಟ್ಟನ್ನು ಕದ್ದು ತಿನ್ನದೆ ಬೇಸಿಗೆ ಕಳೆದ ಮಕ್ಕಳು ನಮ್ಮ ಕಡೆ ಇರಲಿಕ್ಕಿಲ್ಲ. ಮಧ್ಯಾಹ್ನ ದಾಟಿ ಪಡುವಣದಲ್ಲಿ ಮೋಡ ಕಟ್ಟಿತೋ, ಹೆಂಗಸರು ಎರಡು ಕೆಲಸಕ್ಕೆ ಓಡುತ್ತಿದ್ದರು. ಹಪ್ಪಳದ ಚಾಪೆ ಒಳಗೆ ಎಳೆಯುವುದು, ಆಮೇಲೆ ಟಿವಿಯದ್ದು, ನಮ್ಮಲ್ಲಾದರೆ ಫೋನಿನದ್ದೂ, ವೈರು ಕೀಳುವುದು. ಸಿಡಿಲು ವೈರು ಹಿಡಿದು ಮನೆಯೊಳಗೆ ಬರುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಈ ಶಿಸ್ತಿನಲ್ಲಿ ಅಜ್ಜಿಯನ್ನು ಮೀರಿಸುವವರು ಸಾಲಿನಲ್ಲೇ ಇರಲಿಲ್ಲ. ಮೋಡ ಶೃಂಗೇರಿ ಕಡೆ ಇದ್ದರೂ ಅವಳು ಬಾಳಗಡಿಯಲ್ಲಿ ವೈರು ಕಿತ್ತಿಟ್ಟಿರುತ್ತಿದ್ದಳು.

ಹಿಂದಿನ ವರ್ಷ ಅಜ್ಜಿ ಜಯಪುರಕ್ಕೆ ನೆಂಟರ ಮನೆಗೆ ಹೋದಾಗ ವೈರು ಕೀಳುವವರಿಲ್ಲದೆ ನಮ್ಮ ಹಳೆಯ ಕೆಂಪು ಫೋನು ಸಿಡಿಲಿಗೆ ಸುಟ್ಟುಹೋಗಿತ್ತು. ಅಪ್ಪ ಶಿವಮೊಗ್ಗಕ್ಕೆ ಹೋಗಿ ಕಾರ್ಡ್‌ಲೆಸ್ ತಂದ. ಇದಕ್ಕೆ ವೈರೇ ಇಲ್ಲ, ಇನ್ನು ಸಿಡಿಲು ಬರುವುದಾದರೂ ಎಲ್ಲಿಂದ ಎಂದು ಸಾಲಿಗೆಲ್ಲ ಸಾರಿದ. ಕೈಯಲ್ಲಿ ಹಿಡಿಯುವುದಕ್ಕೆ ವೈರಿಲ್ಲ, ನಿಜ. ಅದನ್ನು ಕೂರಿಸುವ ಪೆಟ್ಟಿಗೆಗೆ ಗೋಡೆಯಿಂದ ವೈರು ಬರುವುದು ಮಾತ್ರ ಅಪ್ಪನ ಕಣ್ಣಿಗೆ ಬಿದ್ದಿರಲಿಲ್ಲ, ಅಜ್ಜಿಯ ಕಣ್ಣಿಗೆ ಬಿದ್ದಿತ್ತು. ಅವಳು ಅದನ್ನೂ ಎಳೆದೂ ಎಳೆದೂ ಪಿನ್ನೇ ಮುರಿಯಿತು. ಅಪ್ಪ ರೇಗಿಕೊಂಡು ವೈರಿನ ತುದಿ ಸುಲಿದು, ತಾಮ್ರದ ಎಳೆಗಳನ್ನು ಗೋಡೆಯ ಡಬ್ಬಿಯ ಸ್ಕ್ರೂಗಳಿಗೆ ಕೊಕ್ಕೆಯ ಹಾಗೆ ಸಿಕ್ಕಿಸಿದ. ಇನ್ನು ತೆಗೀರಿ, ಹಾಕಿ, ನಿಮ್ಮಿಷ್ಟ ಎಂದ. ಅಜ್ಜಿ ಹಾಗೇ ಮಾಡಿದಳು.

ಆ ಬೇಸಿಗೆಯಲ್ಲಿ ಅಮ್ಮನಿಗೆ ಗಂಟಲಲ್ಲಿ ಅನ್ನ ಇಳಿಯದಾಯಿತು. ಮೊದಲು ಕಷಾಯ, ಆಮೇಲೆ ಕೊಪ್ಪದ ಡಾಕ್ಟರು, ಕೊನೆಗೆ ಮಂಗಳೂರು. ಅಪ್ಪ ಅಂಗಡಿ ಮುಚ್ಚಿ ಅಮ್ಮನ ಜೊತೆ ಹೋದ. ನಾನೂ ಬರುತ್ತೇನೆ ಎಂದು ಹಟ ಹಿಡಿದಿದ್ದಕ್ಕೆ ದಿನಾ ಸಂಜೆ ಏಳು ಗಂಟೆಗೆ ಫೋನು ಮಾಡುತ್ತೇನೆ ಎಂದು ಅಮ್ಮ ಮಾತು ಕೊಟ್ಟಳು. ಮಾತು ತಪ್ಪಲಿಲ್ಲ. ಏಳಕ್ಕೆ ಸರಿಯಾಗಿ ಫೋನು ಬರುತ್ತಿತ್ತು. ಎತ್ತಿದರೆ ಜೊರ್ರೋ ಎಂದು, ಕಾದ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ ಸದ್ದು. ಅದರ ಅಡಿಯಲ್ಲಿ ಎಲ್ಲೋ ಅಮ್ಮ. ಮೊದಲೇ ಸೋತ ಅವಳ ದನಿಯಲ್ಲಿ ಒಂದು ಮಾತು ಸಿಕ್ಕರೆ ಹತ್ತು ಮುಳುಗುತ್ತಿದ್ದವು. ನಾನು ಅಮ್ಮಾ ಅಮ್ಮಾ ಎಂದು ಕಿರುಚುತ್ತಿದ್ದೆ. ಆ ಕಡೆಯಿಂದ ಹಲೋ ಹಲೋ ಎಂದು ಕೇಳಿ ಕೇಳಿ ಫೋನು ಕಟ್ಟಾಗುತ್ತಿತ್ತು. ಅಳು ಬಂದು ಊಟ ಬಿಟ್ಟು ಮಲಗಿದ ದಿನಗಳಿವೆ.

ರಿಪೇರಿಯ ಪಾರುಪತ್ಯ ಪಕ್ಕದ ಮನೆಯ ಮಂಜಣ್ಣನದ್ದು. ಅವನು ಜೀಪು ಓಡಿಸುವವನು. ಜೀಪಿನ ಹಾಡುಪೆಟ್ಟಿಗೆ ತಾನೇ ಬಿಚ್ಚಿ ಕೂಡಿಸುತ್ತಿದ್ದುದರಿಂದ ಫೋನೂ ಅದರ ತಮ್ಮನೇ ಎಂದು ಅವನ ಲೆಕ್ಕ. ಏರಿಯಲ್ ಪೂರ್ತಿ ಎಳೆದ. ಚಾನೆಲ್ ಗುಂಡಿ ಒತ್ತಿದ. ಫ್ರಿಜ್ಜಿನ ಹತ್ತಿರ ಇಡಬಾರದು ಎಂದು ಪೆಟ್ಟಿಗೆಯನ್ನು ದೇವರ ಕೋಣೆಯ ಬಾಗಿಲಿಗೆ ತಂದಿಟ್ಟ. ಏರಿಯಲ್ಲಿಗೆ ತಾಮ್ರದ ತಂತಿ ಸುತ್ತಿ ಕಿಟಕಿಯಿಂದ ಹೊರಗೆ ಬಿಟ್ಟ, ಅದರ ಮೇಲೆ ಸುಮಿತ್ರಕ್ಕ, ಅವನ ಹೆಂಡತಿ, ಒದ್ದೆ ಟವೆಲ್ಲು ಒಣಹಾಕಿದಳು. ಕೊನೆಗೆ ನಾನು ಹ್ಯಾಂಡ್‌ಸೆಟ್ ಹಿಡಿದು ಜಗಲಿ, ಅಂಗಳ, ಬಚ್ಚಲು ಎಲ್ಲ ಸುತ್ತಿ ಬಂದೆ. ಬಚ್ಚಲಲ್ಲೂ ಜೊರ್ರು.

ಲೈನ್‌ಮನ್ ಒಂದು ದಿನ ಬೆಳಿಗ್ಗೆ ಬಂದು ಡಬ್ಬಿಯ ಸ್ಕ್ರೂ ಬಿಗಿಮಾಡಿ, ಕಿವಿಗಿಟ್ಟು, ಲೈನು ಚೆನ್ನಾಗಿದೆ, ಸೆಟ್ಟಿನದ್ದೇ ತೊಂದರೆ ಎಂದು ಹೋದ. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಯವನು ಸೆಟ್ಟು ಚೆನ್ನಾಗಿದೆ, ಲೈನಿನದ್ದೇ ತೊಂದರೆ ಎಂದ. ಇಬ್ಬರೂ ಸರಿಯೇ. ಲೈನ್‌ಮನ್ ಬಿಗಿಮಾಡಿ ಹೋದ ದಿನ ಮಧ್ಯಾಹ್ನದವರೆಗೆ ಫೋನು ಗಂಟೆಯ ಹಾಗೆ ಸ್ವಚ್ಛವಾಗಿತ್ತು. ಆಮೇಲೆ ಮೋಡ ಬಂತು. ಅಜ್ಜಿ ಕೊಕ್ಕೆ ಬಿಚ್ಚಿದಳು. ಮೋಡ ಹೋದ ಮೇಲೆ ಗಡಿಬಿಡಿಯಲ್ಲಿ ಸಡಿಲವಾಗಿ ಸಿಕ್ಕಿಸಿದಳು. ಏಳು ಗಂಟೆಗೆ ಮತ್ತೆ ಜೊರ್ರು. ನಿಮಗೆ ಈಗ ಗೊತ್ತಾಗಿರಬೇಕು. ನಮಗೆ ಯಾರಿಗೂ ಆಗಲಿಲ್ಲ. ದಿನಾ ಮಾಡುವ ಕೆಲಸದ ಮೇಲೆ ಯಾರಿಗಾದರೂ ಅನುಮಾನ ಬರುತ್ತದೆಯೇ?

ಭಾನುವಾರ ಅಪ್ಪ ಬಟ್ಟೆಬರೆ ಒಯ್ಯಲು ಒಬ್ಬನೇ ಬಂದ. ಅಡುಗೆಮನೆಯಲ್ಲಿ ಅಜ್ಜಿಯ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡಿದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಗುರುವಾರ ಬೆಳಿಗ್ಗೆ ಆಪರೇಷನ್. ಗಂಟಲಿನ ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಂತೆ. ಜೀವಕ್ಕೆ ತೊಂದರೆಯಿಲ್ಲ, ಮಾತು ಮಾತ್ರ ಇನ್ನು ಬರುವುದಿಲ್ಲವಂತೆ. ಅಜ್ಜಿ ಒಲೆಗೆ ಇನ್ನೊಂದು ಸೌದೆ ದೂಡಿದಳು. ಆಮೇಲೆ, ಮಾತಾಡ್ದೆ ಹ್ಯಾಗೆ ಇರ್ತಾಳೆ ಅವಳು, ಎಂದು ಒಲೆಯನ್ನು ಕೇಳಿದಳು.

ಹೋಗೋಣವೆಂದರೆ ವಾರ್ಡಿನಲ್ಲಿ ಒಬ್ಬರನ್ನೇ ಬಿಡುತ್ತಿದ್ದರು, ಮಕ್ಕಳನ್ನಂತೂ ಒಳಗೇ ಸೇರಿಸುತ್ತಿರಲಿಲ್ಲ. ಅಜ್ಜಿ ನನ್ನ ಹತ್ತಿರವೇ ಇರಬೇಕೆಂದು ಅಮ್ಮ ಕಟ್ಟಪ್ಪಣೆ ಮಾಡಿ ಕಳಿಸಿದ್ದಳು. ವಾರ್ಡಿಗೆ ಫೋನಿಲ್ಲ, ಅಮ್ಮನೇ ಆಸ್ಪತ್ರೆಯ ಬೂತಿಗೆ ಬಂದು ಮಾಡಬೇಕು. ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನವನು ಹೊರಗಿನಿಂದ ಬರುವ ಫೋನು ಎತ್ತುವುದಿಲ್ಲ ಎಂದುಬಿಟ್ಟ. ಉಳಿದಿದ್ದು ನಮ್ಮ ಫೋನೊಂದೇ. ಬುಧವಾರ ಏಳಕ್ಕೆ ಅಮ್ಮ ಮಾತಾಡುತ್ತಾಳೆ, ಅಷ್ಟರಲ್ಲಿ ಅದನ್ನು ಸರಿಮಾಡಿಸಿ ಎಂದು ಹೇಳಿ ಅಪ್ಪ ಬಸ್ಸು ಹತ್ತಿದ.

ಆ ಮೂರು ದಿನ ನನಗೆ ಹಪ್ಪಳವೂ ಬೇಡ, ಆಟವೂ ಬೇಡ. ಅಮ್ಮ ನನ್ನನ್ನು ಕರೆಯುವ ಬಗೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ, ಮರೆತುಹೋದರೆ ಎಂಬ ಹೆದರಿಕೆಯಿಂದ. ನಮ್ಮಲ್ಲಿ ಯಾರೂ ಅವಳ ದನಿಯನ್ನು ಟೇಪು ಮಾಡಿಟ್ಟವರಲ್ಲ. ಮದುವೆಯ ವಿಡಿಯೋ ಒಂದಿತ್ತು. ಅದರಲ್ಲಿ ಅಮ್ಮ ನಗುತ್ತಾಳೆ, ಬಾಯಿ ಆಡಿಸುತ್ತಾಳೆ. ಕೇಳುವುದು ಮಾತ್ರ ವಿಡಿಯೋದವನು ಮೇಲಿಂದ ಸುರಿದ ಸಿನಿಮಾ ಹಾಡು.

ಮಂಗಳವಾರ ಮಂಜಣ್ಣನಿಗೆ ಹೊಸ ಯೋಚನೆ ಬಂತು. ಲೈನ್‌ಮನ್ ಬಂದ ದಿನ ಬೆಳಿಗ್ಗೆ ಸರಿಯಿದ್ದ ಫೋನು ಸಂಜೆ ಏಳಕ್ಕೆ ಕೆಟ್ಟಿದ್ದೇಕೆ? ಆಗ ಸಾಲಿನವರೆಲ್ಲ ಟಿವಿ ಹಾಕುತ್ತಾರೆ. ಎಲ್ಲರ ಆಂಟೆನಾಕ್ಕೂ ಬೂಸ್ಟರಿದೆ. ಬೂಸ್ಟರೇ ಫೋನನ್ನು ಕೆಡಿಸುತ್ತಿದೆ. ಹೌದಲ್ಲ, ಎಷ್ಟು ಸರಿಯಾಗಿ ಹೇಳಿದ ಅನ್ನಿಸಿತು. ಅಜ್ಜಿ ಸೆರಗು ಸರಿಮಾಡಿಕೊಂಡು ನನ್ನ ಕೈ ಹಿಡಿದು ಮನೆ ಮನೆಗೂ ಹೊರಟಳು. ಒಬ್ಬರ ಹತ್ತಿರ ಒಂದು ಲೋಟ ಸಕ್ಕರೆ ಕೇಳಲು ನಾಚುತ್ತಿದ್ದವಳು.

"ನಾಳೆ ಏಳು ಗಂಟೆಗೆ ಟಿವಿ ಹಾಕ್ಬೇಡಿ ಮಾರಾಯ್ರೆ. ನನ್ನ ಮಗಳ ದನಿ ಕಡೇ ಸಲ ಕೇಳೋದಿದೆ."

ಪ್ರತಿ ಬಾಗಿಲಲ್ಲೂ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಯಾರೂ ಇಲ್ಲ ಅನ್ನಲಿಲ್ಲ. ಧಾರಾವಾಹಿ ತಪ್ಪಿದರೆ ಅನ್ನ ಸೇರದ ಸುಮಿತ್ರಕ್ಕನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಬುಧವಾರ ಸಂಜೆ ಸಾಲಿಗೆ ಸಾಲೇ ಗಪ್ಪಾಯಿತು. ಟಿವಿಯಿಲ್ಲ, ಮಿಕ್ಸಿಯಿಲ್ಲ, ಕೆಲವರು ಟ್ಯೂಬ್‌ಲೈಟನ್ನೂ ಆರಿಸಿ ಜಗಲಿಗೆ ಬಂದು ಕೂತರು. ಆದರೆ ಮಧ್ಯಾಹ್ನದ ಮೋಡ ಆ ದಿನ ಹಾಗೇ ನಿಂತುಬಿಟ್ಟಿತ್ತು, ಆದರೂ ಅಜ್ಜಿ ಆರಕ್ಕೇ ವೈರು ಸಿಕ್ಕಿಸಿಟ್ಟಿದ್ದಳು. ಆರೂವರೆಗೆ ಗುಡುಗಲು ಶುರು. ವೈರು ಕೀಳು ಅಜ್ಜಿ, ಸುಟ್ಟುಹೋದರೆ ಏನು ಗತಿ, ಎಂದು ಸುಮಿತ್ರಕ್ಕ ಹೇಳಿದಳು. ಅಜ್ಜಿ ಡಬ್ಬಿಯ ಎದುರು ಹೋಗಿ ನಿಂತಳೇ ಹೊರತು ಕೈ ಹಾಕಲಿಲ್ಲ.

ಫೋನು ಬಂತು. ಎತ್ತಿದೆ. ಜೊರ್ರೋ. ಇಡೀ ಸಾಲು ಉಸಿರು ಬಿಗಿಹಿಡಿದು ಕೂತಿದ್ದರೂ ಜೊರ್ರು ಒಂದಿಷ್ಟೂ ಕಮ್ಮಿಯಿಲ್ಲ. ಅಮ್ಮ ಏನೋ ಹೇಳುತ್ತಿದ್ದಾಳೆ, ಏನೂ ತಿಳಿಯುತ್ತಿಲ್ಲ. ಕೇಳ್ತಿಲ್ಲ ಅಮ್ಮ, ಕೇಳ್ತಿಲ್ಲ, ಎಂದು ಅಳತೊಡಗಿದೆ. ಮಂಜಣ್ಣ ತಲೆ ಮೇಲೆ ಕೈ ಹೊತ್ತುಕೊಂಡ. ಅಷ್ಟರಲ್ಲಿ ಕಿಟಕಿ ಬೆಳ್ಳಗಾಗುವ ಹಾಗೆ ಮಿಂಚಿತು. ಎಷ್ಟೋ ವರ್ಷದ ಅಭ್ಯಾಸ, ಅಜ್ಜಿಯ ಕೈ ತಾನಾಗಿ ವೈರಿಗೆ ಹೋಯಿತು. ಬೆರಳು ತಾಗಿದ ಕ್ಷಣ ಜೊರ್ರು ನಿಂತಿತು.

"ಬಿಡಬೇಡ ಅಜ್ಜಿ, ಅಲ್ಲೇ ಹಿಡ್ಕೋ," ಎಂದೆ.

ಅವಳಿಗೆ ತಿಳಿಯಿತು. ಎರಡೂ ಕೈಯಿಂದ ಆ ತಾಮ್ರದ ಕೊಕ್ಕೆಗಳನ್ನು ಸ್ಕ್ರೂಗಳಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತಳು. ಹೊರಗೆ ಗುಡುಗು ಮಾಡಿನ ಮೇಲೇ ಉರುಳಿದಂತಿತ್ತು. ಸಿಡಿಲು ಬರುವ ದಾರಿ ಅದೇ ಎಂದು ಜೀವಮಾನವಿಡೀ ನಂಬಿದವಳು ಆ ದಾರಿಗೇ ಕೈಯಿಟ್ಟು ನಿಂತಿದ್ದಳು.

ಅಮ್ಮ ನನ್ನ ಕಿವಿಯಲ್ಲೇ ಕೂತ ಹಾಗೆ ಕೇಳಿದಳು.

"ಪುಟ್ಟೀ, ಅಳ್ತಿದೀಯಾ? ತಲೆ ಬಾಚ್ಕೊಂಡ್ಯಾ ಇವತ್ತು? ಅಜ್ಜಿ ಹತ್ರ ಜಡೆ ಸಡಿಲ ಹಾಕು ಅಂತ ಹೇಳು, ಬಿಗಿ ಎಳೀತಾಳೆ ಅವಳು. ಮಿಡಿ ಉಪ್ಪಲ್ಲಿ ಹಾಕಿದ್ದು ದಿನಾ ಒಂದ್ಸಲ ಕೈಯಾಡಿಸ್ಬೇಕು ಮಗಾ, ನೆನಪು ಮಾಡು ಅಜ್ಜಿಗೆ. ನಾ ಬಂದ್ಮೇಲೆ ನೀನೇ ಮಾತಾಡು, ನಾ ಕೇಳ್ತೀನಿ. ಆಯ್ತಾ? ಈಗ ಅಜ್ಜಿಗೆ ಕೊಡು."

ನಾನು ಹ್ಯಾಂಡ್‌ಸೆಟ್ ಹಿಡಿದು ಅಜ್ಜಿಯ ಕಿವಿಯ ಕಡೆ ಓಡಿದೆ. ಎರಡು ಹೆಜ್ಜೆ ಇರಬೇಕು. ಕರೆಂಟು ಹೋಯಿತು.

ಕಾರ್ಡ್‌ಲೆಸ್ಸಿಗೆ ಕರೆಂಟಿಲ್ಲದೆ ಜೀವವಿಲ್ಲ. ನನ್ನ ಕೈಯಲ್ಲಿದ್ದುದರ ಹಸಿರು ದೀಪ ಆರಿತ್ತು. ಅಜ್ಜಿ ಕತ್ತಲಲ್ಲಿ ಇನ್ನೂ ವೈರು ಒತ್ತಿಕೊಂಡೇ ನಿಂತು, ಎಂತ ಹೇಳ್ತಿದಾಳೆ, ಎಂತ ಹೇಳ್ತಿದಾಳೆ ಎಂದು ಕೇಳುತ್ತಿದ್ದಳು. ಮಂಜಣ್ಣ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕರೆಂಟು ಬಂದಿದ್ದು ಮರುದಿನ, ಅಮ್ಮನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ಮೇಲೆ.

ಅಮ್ಮ ಮಳೆಗಾಲದಲ್ಲಿ ಮನೆಗೆ ಬಂದಳು. ಕುತ್ತಿಗೆಗೆ ಬಟ್ಟೆ ಸುತ್ತಿತ್ತು, ಕೈಯಲ್ಲಿ ಸ್ಲೇಟಿತ್ತು. ಬದುಕಿದಳಲ್ಲ ಎಂದು ಎಲ್ಲರೂ ಸಂತೋಷಪಟ್ಟೆವು, ಸುಳ್ಳಲ್ಲ ಆ ಸಂತೋಷ. ಆದರೆ ಅಜ್ಜಿಗೆ ಓದು ಬರುತ್ತಿರಲಿಲ್ಲ. ಆ ದಿನ ಅಜ್ಜಿಗೆ ಏನು ಹೇಳಲಿಕ್ಕಿತ್ತು ಎಂದು ನಾನೇ ಒಮ್ಮೆ ಕೇಳಿದೆ. ಹೆದರಬೇಡ ಅಂತ ಹೇಳಬೇಕಿತ್ತು ಎಂದು ಅಮ್ಮ ಬರೆದಳು. ಓದಿ ಹೇಳಿದೆ. ಅಜ್ಜಿ ತಲೆಯಾಡಿಸಿದಳು, ಹಾಗಲ್ಲ, ಅವಳು ಹ್ಯಾಗೆ ಅಂತಿದ್ಲೋ ಹಂಗೆ ಹೇಳು ಎಂದಳು. ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಅಮ್ಮ ಕೆಲಸದಲ್ಲಿದ್ದಾಗ ಅಜ್ಜಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಆ ದಿನ ಫೋನಲ್ಲಿ ಹೇಳಿದ್ದು ಹೇಳೇ, ಎನ್ನುತ್ತಿದ್ದಳು. ನಾನು ಅಮ್ಮನ ರಾಗದಲ್ಲಿ, ಅಮ್ಮ ಎಳೆದಲ್ಲಿ ಎಳೆದು, ಜಡೆಯಿಂದ ಮಿಡಿಯವರೆಗೆ ಎಲ್ಲ ಹೇಳುತ್ತಿದ್ದೆ. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಸಾಯುವ ವಾರದಲ್ಲೂ ಕೇಳಿದಳು.

ಈಗ ಆ ಸಾಲು ಮನೆಗಳಿಲ್ಲ, ಮನೆಯ ಫೋನು ಯಾರಲ್ಲೂ ಇಲ್ಲ. ಜೇಬಿನ ಫೋನಿನಲ್ಲಿ ಯಾರು ಎಲ್ಲಿಂದ ಮಾತಾಡಿದರೂ ಉಸಿರಾಡಿದ್ದು ಕೂಡ ಕೇಳುತ್ತದೆ. ಅಮ್ಮ ಅದರಲ್ಲಿ ಬರೆಯುತ್ತಾಳೆ, ನನಗಿಂತ ಚುರುಕು. ಹೋದ ತಿಂಗಳು ಮನೆಯಲ್ಲಿ ಎದುರೇ ಕೂತಿದ್ದವಳು ಏನೋ ಬರೆದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನನ್ನ ದನಿ ಹ್ಯಾಗಿತ್ತೇ, ನಂಗೆ ಮರೆತೇ ಹೋಗಿದೆ, ಎಂದಿತ್ತು.

ಇದೊಂದು ನನಗೆ ಗೊತ್ತಿದೆ ಎಂದುಕೊಂಡು ಬಾಯಿ ತೆಗೆದೆ. ಪುಟ್ಟೀ, ಅಳ್ತಿದೀಯಾ, ಎಂದೆ. ಬಂದಿದ್ದು ನನ್ನದೇ ದನಿ, ನಲವತ್ತರ ಹತ್ತಿರದ ಹೆಂಗಸಿನದ್ದು. ಇನ್ನೊಮ್ಮೆ ಹೇಳಿ ನೋಡಿದೆ. ಆಗಲೂ ನನ್ನದೇ. ಸರಿಯಾಯಿತೋ ಇಲ್ಲವೋ ಹೇಳಲಿಕ್ಕೆ ಅಜ್ಜಿಯೂ ಇಲ್ಲ. ಅಮ್ಮ ನನ್ನ ಮುಖ ನೋಡುತ್ತಾ, ಹೀಗಿತ್ತಾ ಎಂದು ಕಣ್ಣಲ್ಲೇ ಕೇಳಿದಳು. ಹೌದಮ್ಮ, ಹೀಗೇ ಇತ್ತು, ಎಂದೆ.