ಎಂಟು ಔನ್ಸ್ ಖಾರದಪುಡಿ

ನವಿ ಮುಂಬಯಿಯ ರಬಾಳೆಯ ಮಸಾಲೆ ಪ್ಯಾಕಿಂಗ್ ಶೆಡ್ಡಿನಲ್ಲಿ ದಾನಮ್ಮ ಹನ್ನೊಂದು ವರ್ಷದಿಂದ ಖಾರದಪುಡಿ ತುಂಬುತ್ತಿದ್ದಾಳೆ. ವಿಜಯಪುರದ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು, ಮಗಳು ಶಾಲೆಗೆ ಸೇರಿದ ವರ್ಷ ಇಟ್ಟಿಗೆ ಹೊರುವುದನ್ನು ಬಿಟ್ಟು ಇಲ್ಲಿಗೆ ಬಂದಳು. ಅವಳು ಕಣ್ಣಳತೆಯಲ್ಲಿ ಸುರಿದರೂ ತೂಕದ ಕಾಟಾ ಒಂದೆರಡು ಗ್ರಾಂಗಿಂತ ಆಚೀಚೆ ಹೋಗುವುದಿಲ್ಲ.

ಹೊರದೇಶಕ್ಕೆ ಹೋಗುವ ಪಾಕೀಟಿನ ಮೇಲೆ ಎಂಟು ಔನ್ಸ್ ಎಂದು ಅಚ್ಚಾಗಿರುತ್ತದೆ. ಅದು ಎಷ್ಟು ಗ್ರಾಂ ಎಂದು ಹೇಳುತ್ತಿದ್ದ ಹಳೆಯ ಸೂಪರ್‌ವೈಸರ್ ಕೆಲಸ ಬಿಟ್ಟರು. ಅವರ ಜಾಗಕ್ಕೆ ಉಡುಪಿಯವರ ಮನೆಯ ಸಂದೇಶ ಬಂದ. ಮೊದಲ ದಿನವೇ ಕಂಪ್ಯೂಟರಿನಲ್ಲಿ ಒಂದು ಅಳತೆಯ ತೂಕವನ್ನು ಇನ್ನೊಂದಕ್ಕೆ ಬದಲಿಸುವ ಪೇಜು ತೆರೆದು, ಎಂಟು ಎಂದು ಒತ್ತಿ, "ಇನ್ನೂರ ನಲವತ್ತೊಂಬತ್ತು ಗ್ರಾಂ" ಎಂದು ಕೂಗಿ ಹೇಳಿದ.

"ಸರ್, ಮೊದಲ ಇನ್ನೂರ ಇಪ್ಪತ್ತೇಳು ಹಾಕ್ತಿದ್ವಿರಿ," ಎಂದಳು ದಾನಮ್ಮ.

"ಅವರು ಅಂದಾಜಿಗೆ ಹಾಕಿರ್ಬೇಕು ಮಾರಾಯ್ರೆ. ಕಂಪ್ಯೂಟರ್ ಸುಳ್ಳು ಹೇಳ್ತದಾ?"

ದಾನಮ್ಮ ಅವನು ಹೇಳಿದಷ್ಟೇ ತುಂಬಿದಳು. ಆದರೆ ಪಾಕೀಟುಗಳು ಉಬ್ಬಿ ನಿಂತವು, ಬಾಯಿ ಸರಿಯಾಗಿ ಮುಚ್ಚಲಿಲ್ಲ. ಸಂಜೆಯ ಹೊತ್ತಿಗೆ ನಾನೂರು ಪಾಕೀಟು ತುಂಬಿದರೂ ಅವಳಿಗೆ ಸಮಾಧಾನವಿರಲಿಲ್ಲ. ಹಳೆಯ ಸೂಪರ್‌ವೈಸರ್ ಅಂದಾಜಿಗೆ ಏನನ್ನೂ ಮಾಡಿದವರಲ್ಲ.

ಮನೆಗೆ ಬಂದವಳೇ ಕಾಲೇಜಿಗೆ ಹೋಗುವ ಮಗಳು ಜ್ಯೋತಿಯನ್ನು ಕೇಳಿದಳು. ಅವಳು ಮೊಬೈಲಿನಲ್ಲಿ ಅಂಥದ್ದೇ ಪೇಜು ತೆರೆದು ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ನಕ್ಕು, ಎಂದಿನಂತೆ ಹಿಂದಿಯಲ್ಲಿ ಹೇಳಿದಳು: "ಮಮ್ಮಿ, ಯಹಾಂ ದೋ ಔನ್ಸ್ ಹೈ. ಏಕ್ ಸಾಮಾನ್ ಕಾ, ಏಕ್ ಸೋನಾ-ಚಾಂದಿ ಕಾ!" ಸಾಮಾನಿಗೆ ಒಂದು ಔನ್ಸ್, ಚಿನ್ನ ಬೆಳ್ಳಿಗೆ ಬೇರೆಯೇ ಇನ್ನೊಂದು.

ಮರುದಿನ ದಾನಮ್ಮ ಉಳಿದ ಹೆಂಗಸರು ತಮ್ಮ ತಮ್ಮ ಜಾಗಕ್ಕೆ ಹೋಗುವವರೆಗೆ ಕಾದಳು. ಎಲ್ಲರೆದುರು ಸಂದೇಶನ ಮುಖ ಸಣ್ಣದಾಗುವುದು ಅವಳಿಗೆ ಬೇಡವಾಗಿತ್ತು.

"ಸರ್, ಸಿಟ್ಟಾಗಬ್ಯಾಡ್ರಿ. ನಿನ್ನೆ ನಾವು ಖಾರಪುಡಿನ ಬಂಗಾರದ ತೂಕಕ್ಕ ತೂಗೀವ್ರಿ."

ಸಂದೇಶ ಪೇಜು ತೆರೆದು ಮತ್ತೊಮ್ಮೆ ನೋಡಿದ. ಎರಡು ಔನ್ಸ್ ಒಂದರ ಕೆಳಗೊಂದು ಇದ್ದವು. ಅವನು ಒತ್ತಿದ್ದು ಕೆಳಗಿನ, ಚಿನ್ನ ತೂಗುವ ಔನ್ಸನ್ನು. ಅವನ ಕಿವಿಗಳು ಕೆಂಪಾದವು.

"ನೀವು ನಿನ್ನೆಯೇ ಹೇಳಿದ್ರಿ ದಾನಮ್ಮ. ನಾನೇ ಕೇಳ್ಲಿಲ್ಲ."

ತಪ್ಪು ತನ್ನದೆಂದು ಎಲ್ಲರಿಗೂ ಹೇಳಿ, ತಾನೂ ನೆಲದ ಮೇಲೆ ಕುಳಿತು ನಾನೂರು ಪಾಕೀಟನ್ನೂ ಬಿಚ್ಚಿ ತೂಗತೊಡಗಿದ. ಹತ್ತು ನಿಮಿಷಕ್ಕೇ ಸೀನಿ ಸೀನಿ ಕಣ್ಣೀರು ಸುರಿಯಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ದಾನಮ್ಮ ಒದ್ದೆ ಕರವಸ್ತ್ರ ತಂದು, ತಮ್ಮನಿಗೆ ಕಟ್ಟುವಂತೆ ಅವನ ಮೂಗಿಗೆ ಕಟ್ಟಿದಳು. ಅಂದಿನಿಂದ ಹೊಸ ಆರ್ಡರಿನ ಮೊದಲ ಪಾಕೀಟನ್ನು ಅವಳ ಕೈಗೆ ಕೊಟ್ಟು ಕೇಳದೆ ಅವನು ಕೆಲಸ ಶುರು ಮಾಡಿಸುವುದಿಲ್ಲ.

ಭಾನುವಾರ ದಾನಮ್ಮ ಆ ಪೇಜು ಬಳಸುವುದನ್ನು ತನಗೂ ಕಲಿಸು ಎಂದು ಮಗಳ ಪಕ್ಕದಲ್ಲಿ ಕುಳಿತಳು. ಕಿಲೋ ಯಾವುದು, ಪೌಂಡ್ ಯಾವುದು ಎಂದು ತಿಳಿದುಕೊಂಡು, ಒಂದೇ ಬೆರಳಿನಿಂದ ಒಂದು ಪಾಯಿಂಟ್ ಎಂಟು ಕಿಲೋ ಎಂದು ಒತ್ತಿದಳು. ಹೆಚ್ಚುಕಡಿಮೆ ನಾಲ್ಕು ಪೌಂಡ್ ಎಂದು ಬಂತು.

"ಯೇ ಕಿಸ್ ಕಾ ವಜನ್ ಹೈ?" ಯಾರ ತೂಕವಿದು ಎಂದು ಕೇಳಿದಳು ಜ್ಯೋತಿ.

"ನಿಂದ. ಕಲ್ಯಾಣದ ದವಾಖಾನ್ಯಾಗ ಹುಟ್ಟಿದಾಗ ಇಷ್ಟ ಇದ್ದಿ. ಉಳಿಯೂದು ಕಷ್ಟ ಅಂದಿದ್ರು."

ಜ್ಯೋತಿ ಪರದೆಯ ಮೇಲಿನ ಅಂಕಿಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ತಡವರಿಸುತ್ತ ಕನ್ನಡದಲ್ಲೇ ಕೇಳಿದಳು: "ಅವ್ವಾ, ನಾ ಅಷ್ಟ ಸಣ್ಣಾಕಿ ಇದ್ನಾ?"

ದಾನಮ್ಮ ಎರಡೂ ಅಂಗೈ ಜೋಡಿಸಿ ತೋರಿಸಿದಳು. ಮಗಳು ಮೊಬೈಲು ಬದಿಗಿಟ್ಟು ಆ ಅಂಗೈಗಳ ಮೇಲೆ ತನ್ನ ಗಲ್ಲ ಊರಿದಳು.