ನೀನು ಹಟ ಮಾಡಿರಲಿಲ್ಲ, ಚೈತ್ರಾ

ಚೈತ್ರಾ, ಆ ದಿನ ನೀನು ಹಟ ಹಿಡಿದು ಮೈದಾನಕ್ಕೆ ಇಳಿಯಲಿಲ್ಲ. ಇಳಿಸಿದವಳು ನಾನು. ವರದಿಯಲ್ಲಿ ಸುಳ್ಳು ಬರೆದವಳೂ ನಾನೇ.

ಆರು ವರ್ಷವಾಯಿತು. ಇಂಗ್ಲಿಷ್ ಕಥೆಯೊಂದರಲ್ಲಿ ಮಾಂತ್ರಿಕರು ಪೊರಕೆ ಏರಿ ಹಾರುತ್ತ ಆಡುವ ಚೆಂಡಾಟವನ್ನು ನಾವು ಕಾಲುಗಳ ನಡುವೆ ಕೋಲು ಹಿಡಿದು ನೆಲದ ಮೇಲೆ ಆಡುತ್ತಿದ್ದೆವು. ವಿರಾಜಪೇಟೆಯ ಜನ 'ಪೊರಕೆ ಆಟ' ಎಂದು ನಗುತ್ತಿದ್ದರು. ಆ ನಗು ನನ್ನನ್ನು ಎಷ್ಟು ಚುಚ್ಚುತ್ತಿತ್ತೆಂದರೆ — ಪಿ.ಟಿ. ಟೀಚರ್ ಆಗಿದ್ದ ನಾನು ಜಿಲ್ಲಾ ಸಂಸ್ಥೆ ಕಟ್ಟಿದೆ, ಅದರ ಕಾರ್ಯದರ್ಶಿಯಾದೆ, ನಿಯಮಗಳನ್ನೆಲ್ಲ ಕನ್ನಡಕ್ಕೆ ತಂದೆ. ತಲೆಗೆ ಪೆಟ್ಟು ಬಿದ್ದವರು ಆ ದಿನ ಮತ್ತೆ ಆಡಕೂಡದು — ಅದನ್ನೂ ನಾನೇ ಬರೆದಿದ್ದೆ.

ರಾಜ್ಯ ಸಂಸ್ಥೆಯವರು ಮಧ್ಯಾಹ್ನದ ಫೈನಲ್ ನೋಡಿ ನಮಗೆ ಮಾನ್ಯತೆ ಕೊಡುವುದಿತ್ತು. ಬೆಳಗಿನ ಪಂದ್ಯದಲ್ಲೇ ನೀನು ಡಿಕ್ಕಿಯಾಗಿ ಬಿದ್ದೆ, ತಲೆಗೆ ಪೆಟ್ಟಾಯಿತು. ನಿನ್ನಷ್ಟು ವೇಗ ತಂಡದಲ್ಲಿ ಬೇರೆ ಯಾರಿಗೂ ಇರಲಿಲ್ಲ.

"ಟೀಚರ್, ಬಾಲ್ ಎರಡೆರಡು ಕಾಣ್ತದೆ. ನಾನು ಕೂತ್ಕೊಳ್ತೇನೆ," ಎಂದೆ ನೀನು ಫೈನಲ್‌ಗೆ ಮುಂಚೆ, ಮೆಲ್ಲಗೆ.

"ಹತ್ತೇ ನಿಮಿಷ ಚೈತ್ರಾ. ಇವತ್ತೊಂದು ದಿನ ನನ್ನ ಮರ್ಯಾದೆ ಉಳಿಸು."

ನೀನು ಎದ್ದೆ. ಎರಡನೆಯ ಸಲ ಬಿದ್ದಾಗ ಏಳಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ನಿನಗೆ ಆ ದಿನದ್ದೊಂದೂ ನೆನಪಿರಲಿಲ್ಲ. ನಮ್ಮ ಮಾತನ್ನು ಬೇರೆ ಯಾರೂ ಕೇಳಿಸಿಕೊಂಡಿರಲಿಲ್ಲ. 'ತಡೆದರೂ ಕೇಳದೆ ಆಟಗಾರ್ತಿ ಹಟ ಹಿಡಿದು ಇಳಿದರು' ಎಂದು ಬರೆದೆ. ರಾಜ್ಯ ಸಂಸ್ಥೆ ನಂಬಿತು, ಮಾನ್ಯತೆಯೂ ಬಂತು. ನಿನ್ನ ಅಪ್ಪ ನಂಬಿದರು. ನೀನೂ — ನಿನ್ನ ಬಗ್ಗೆ ನಾನು ಬರೆದ ಸುಳ್ಳನ್ನು ನೀನೇ ನಂಬಿದೆ.

"ನನ್ನಿಂದ ನಿಮ್ಗೆ ಕೆಟ್ಟ ಹೆಸರು ಬಂತಲ್ಲ ಟೀಚರ್, ಕ್ಷಮಿಸಿ," ಎಂದು ನನ್ನ ಕೈ ಹಿಡಿದೆ.

"ಹೋಗಲಿ ಬಿಡು" ಎಂದೆ. ನಾನು — ನಿನ್ನನ್ನು — ಕ್ಷಮಿಸಿದೆ!

ಹೋದ ತಿಂಗಳು ನಿನ್ನ ಅಪ್ಪ ತೀರಿಕೊಂಡರು. ಮಾತನಾಡಿಸಲು ಬಂದಾಗ ನಿನ್ನ ಅಮ್ಮ ಹೇಳಿದರು, "ಕಡೇವರೆಗೂ ಅವರಿಗೆ ಅದೇ ಸಿಟ್ಟು ಟೀಚರ್, ಇವಳು ಮಾತು ಕೇಳ್ಲಿಲ್ಲ ಅಂತ." ಆಗಲೂ ಬಾಯಿ ಬಿಡದೆ, ಕೊಟ್ಟ ಕಾಫಿ ಕುಡಿದು ಬಂದೆ. ನಿನ್ನ ಅಪ್ಪನಿಗೆ ಇನ್ನು ಹೇಗೆ ಹೇಳಲಿ —

ರಾಜ್ಯ ಸಂಸ್ಥೆಗೆ ನಿಜ ಬರೆದು ಕಳಿಸಿದ್ದೇನೆ. ಅವರು ಏನು ಮಾಡಿದರೂ ನಿನಗೇನೂ ಮರಳಿ ಬರುವುದಿಲ್ಲ, ಗೊತ್ತು. ಈ ಕಾಗದವನ್ನು ಅಂಚೆಗೆ ಹಾಕೋಣವೆಂದು ಕವರಿನ ಮೇಲೆ ವಿಳಾಸವನ್ನೂ ಬರೆದೆ. ಆಮೇಲೆ ಹೊಳೆಯಿತು — ಆ ಪೆಟ್ಟಾದ ಮೇಲೆ ಏನನ್ನೇ ಆಗಲಿ ನಾಲ್ಕು ಸಾಲು ಓದಿದರೆ ಸಾಕು, ನಿನ್ನ ತಲೆ ಸಿಡಿಯುತ್ತದೆ.

ಕರಿಕೆಯ ನಿನ್ನ ಮನೆಗೆ ಬಂದು, ನಿನ್ನ ಎದುರು ಕೂತು, ನಾನೇ ಓದಬೇಕು.