ಕಿವಿ ಹರಿದ ನಾಯಿಯ ದೋಷಗಳು

ಮನೆ ದಲ್ಲಾಳಿಯ ಬಾಯಲ್ಲಿ ಯಾವ ಮನೆಗೂ ದೋಷವೆಂಬುದೇ ಇರಲಿಲ್ಲ. ಕಿಟಕಿಯ ಎದುರಿಗೇ ಪಕ್ಕದವರ ಗೋಡೆ ಎದ್ದಿದ್ದರೆ ‘ಬಿಸಿಲಿನ ಕಾಟವಿಲ್ಲ’ ಎನ್ನುತ್ತಿದ್ದ. ಮೆಟ್ಟಿಲು ಕಡಿದಾಗಿದ್ದರೆ ‘ಮಂಡಿಗೆ ಒಳ್ಳೆಯ ವ್ಯಾಯಾಮ’ ಎನ್ನುತ್ತಿದ್ದ. ಇಷ್ಟು ಹೇಳಿಯೂ ಅವನಿಗೆ ಕಣ್ತುಂಬ ನಿದ್ದೆ ಬರುತ್ತಿತ್ತು.

ಅನಾಥ ಪ್ರಾಣಿಗಳ ಆಶ್ರಯಧಾಮದವರು ಅವನನ್ನು ಹಿಡಿದದ್ದು ಈ ನಾಲಿಗೆಗಾಗಿಯೇ. ಕಾಯಂ ಮನೆ ಸಿಗುವವರೆಗೆ ನಾಯಿಯನ್ನು ಯಾರು ಇಟ್ಟುಕೊಳ್ಳುತ್ತಾರೋ ಅವರೇ ಅದರ ಗುಣದೋಷ ಬರೆದು ಸಹಿ ಹಾಕಿಕೊಡುವುದು ಅಲ್ಲಿನ ಪದ್ಧತಿ. ಆ ಹಾಳೆಯನ್ನು ಬಾಗಿಲ ಬಳಿಯ ಹಲಗೆಗೆ ಅಂಟಿಸುತ್ತಿದ್ದರು. ಕಚ್ಚುವ ನಾಯಿಗೆ ‘ಬಾಯಿಂದಲೇ ಪ್ರೀತಿ ತೋರಿಸುತ್ತದೆ’ ಎಂದು ಬರೆದ ಪುಣ್ಯಾತ್ಮ ಮೂರು ನಾಯಿಗಳನ್ನು ಸಲೀಸಾಗಿ ಸಾಗಹಾಕಿದ. ಹೆಂಡತಿಯದೂ ಒಂದು ಷರತ್ತಿತ್ತು.

“ಬಂದದ್ದು ಹೋಗ್ಬೇಕು. ಒಂದೂ ಇಲ್ಲೇ ಬೇರು ಬಿಡಬಾರದು.”

“ನಾಯಿ ಅಂದ್ರೆ ನನಗೆ ಬಾಡಿಗೆದಾರ ಇದ್ದ ಹಾಗೆ ಕಣೇ,” ಎಂದು ಅವನು ಎದೆಯುಬ್ಬಿಸಿದ್ದ.

ನಾಲ್ಕನೆಯದಾಗಿ ಬಂದದ್ದು ಕಿವಿ ಹರಿದ ಮುದಿ ನಾಯಿ. ನೀರು ತುಂಬಿದ ಚರಂಡಿಯಿಂದ ಎತ್ತಿ ತಂದದ್ದಂತೆ. ನಲ್ಲಿ ತೊಟ್ಟಿಕ್ಕಿದರೆ ಸಾಕು, ನಡುಗುತ್ತ ಮಂಚದಡಿ ಸೇರುತ್ತಿತ್ತು. ವರ್ಷಗಟ್ಟಲೆ ನಲ್ಲಿ ಸೋರಿದರೂ ಹೆಂಡತಿಯ ಮಾತು ಕಿವಿಗೆ ಹಾಕಿಕೊಳ್ಳದ ಮಹಾಶಯ ಅಂದೇ ವಾಷರ್ ತಂದು ಹಾಕಿದ. ಅವಳು ನೋಡಿಯೂ ನೋಡದಂತಿದ್ದಳು. ಸಂಜೆ ನಾಯಿ ಅವನ ಪಾದದ ಮೇಲೆ ಗಲ್ಲವಿಟ್ಟು ಮಲಗಿದರೆ, ಗಿರಾಕಿಯ ಫೋನ್ ಬಡಿದುಕೊಂಡರೂ ಅವನು ಕಾಲು ಕದಲಿಸುತ್ತಿರಲಿಲ್ಲ. ಅದನ್ನು ಬಿಟ್ಟುಕೊಡಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ. ಹಾಗೆಂದು ಹೆಂಡತಿಯೆದುರು ಬಾಯಿಬಿಟ್ಟು ಕೇಳಲು ಜಂಬ ಬಿಡಲಿಲ್ಲ.

ಹಾಗಾಗಿ ಬರೆದ: ಕಚ್ಚುತ್ತದೆ. ಸೋಫಾ ಹರಿಯುತ್ತದೆ. ಮಕ್ಕಳನ್ನು ಕಂಡರಾಗದು. ಹಗಲಿಡೀ ಊಳಿಡುತ್ತದೆ. ಜನ್ಮದಲ್ಲಿ ಮೊದಲ ಸಲ ದೋಷಗಳನ್ನು ಬರೆದ, ಅವೂ ಶುದ್ಧ ಸುಳ್ಳು.

ಎರಡು ತಿಂಗಳು ಯಾರೂ ಈ ಕಡೆ ಸುಳಿಯಲಿಲ್ಲ. ಒಂದು ಬೆಳಿಗ್ಗೆ ಆಶ್ರಯಧಾಮದ ಚೀಟಿ ಹಿಡಿದು ನಿವೃತ್ತ ನರ್ಸೊಬ್ಬಳು ಬಂದಳು. ದಲ್ಲಾಳಿಗೆ ಕೂಡಲೇ ಅವಳ ಗುರುತು ಸಿಕ್ಕಿತು. ‘ಒಂದು ಹನಿ ಸೋರಲ್ಲ’ ಎಂದು ಹೋದ ವರ್ಷ ಹಳೇ ಮನೆಯೊಂದನ್ನು ಅವಳ ಕೊರಳಿಗೆ ಕಟ್ಟಿದವನು ಅವನೇ.

“ಹಾಳೆ ಓದಿದ್ರಾ ಅಮ್ಮಾ? ಬಲು ಕೆಟ್ಟ ನಾಯಿ.”

“ಓದ್ದೆ. ಕೆಳಗೆ ನಿಮ್ಮ ಸಹೀನೂ ನೋಡ್ದೆ. ಒಂದೂ ದೋಷ ಇಲ್ಲ ಅಂತ ನೀವು ಕೊಡಿಸಿದ ಮನೇಲಿ ನಾಲ್ಕು ಬಕೆಟ್ ಇಟ್ಕೊಂಡು ಬಾಳ್ತಿದೀನಿ. ಇಷ್ಟೊಂದು ದೋಷ ಇದೆ ಅಂತ ನೀವೇ ಬರೆದ ಮೇಲೆ ಇದು ಅಪ್ಪಟ ಚಿನ್ನ ಅಂತ ಖಾತ್ರಿ ಆಯ್ತು.”

ಅಪ್ಪಟ ಚಿನ್ನ ಎದ್ದುಹೋಗಿ ಅವಳ ಕೈ ಮೂಸಿ ಅಲ್ಲೇ ಕೂತಿತು.

ದಲ್ಲಾಳಿ ನಡುವೆ ಬಂದು ನಿಂತ. “ಬೇಡಮ್ಮಾ. ನೀರು ತೊಟ್ಟಿಕ್ಕೋ ಸದ್ದಿಗೆ ಇದು ನಡುಗುತ್ತೆ. ನಿಮ್ಮ ಚಾವಣಿ ಸೋರುತ್ತೆ. ಅದು ನನಗೆ ಆಗಲೇ ಗೊತ್ತಿತ್ತು.”

“ನಿಮಗೆ ಗೊತ್ತಿತ್ತು ಅಂತ ನನಗೂ ಗೊತ್ತು,” ಎಂದಳು ನರ್ಸ್. “ರಿಪೇರಿಗೆ ಯಾವಾಗ ಬರ್ತೀರಾ?”

ಆ ಭಾನುವಾರ ದಲ್ಲಾಳಿ ಡಾಂಬರಿನ ಡಬ್ಬಿ ಹಿಡಿದು ಅವಳ ಚಾವಣಿ ಹತ್ತಿದ. ಬಿರುಕು ಬಿರುಕಿಗೂ ಬಳಿದ. ಇಷ್ಟು ಶ್ರದ್ಧೆಯಿಂದ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಕೆಳಗೆ ಹೆಂಡತಿ ಏಣಿ ಹಿಡಿದು ನಿಂತಿದ್ದಳು.

“ಅಲ್ರೀ, ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ನಾಯೀನ ನಾವೇ ಇಟ್ಕೊಳ್ಳೋಣ ಅಂತಿದ್ದೆ.”

ಅವನು ಕೈ ನಿಲ್ಲಿಸಿ ಕೆಳಗೆ ನೋಡಿದ. ನಾಯಿ ನರ್ಸಿನ ಪಾದದ ಮೇಲೆ ಗಲ್ಲವಿಟ್ಟು ನೆಮ್ಮದಿಯಾಗಿ ಮಲಗಿತ್ತು.